ಸಂಬಳ ಸಾಲದು ಎಂಬ ಮಾತಿನಲ್ಲಿ ಎಷ್ಟು ನಿಜ?

ಪ್ರಶ್ನೆ: ನಾನು ತೀರ್ಥಹಳ್ಳಿ ತಾಲೂಕಿನ ಒಬ್ಬ ಸಣ್ಣ ಅಡಿಕೆ ಬೆಳೆಗಾರ. ಈ ಸಲದ ಕೊಯ್ಲಿನಲ್ಲಿ ಒಣಗಿಸಿ ಚೀಲ ಕಟ್ಟಿಟ್ಟಿದ್ದ ಅಡಿಕೆಯಲ್ಲಿ ಎರಡು ಚೀಲ ಒಂದೇ ರಾತ್ರಿ ಕಳವಾಯಿತು. ಅದೇ ವಾರ, ಸುಮಾರು ಒಂದು ತಿಂಗಳ ಹಿಂದೆ, ತೀರಿಕೊಂಡ ತಂದೆಯವರ ಹೆಸರಿನ ಜಮೀನಿಗೆ ಪೌತಿ ಖಾತೆ ಮಾಡಿಸಲು ಹೋದಾಗ ನಾಲ್ಕು ಸಾವಿರ ರೂಪಾಯಿ ಕೊಟ್ಟು ಬರಬೇಕಾಯಿತು. ಹಣ ಪಡೆದವರು, 'ನಮಗೆ ಬರುವ ಸಂಬಳದಲ್ಲಿ ಈಗಿನ ಬೆಲೆಗೆ ಸಂಸಾರ ನಡೆಯುತ್ತದೆಯೇ ನೀವೇ ಹೇಳಿ' ಎಂದರು. ಕಳವಿನ ಬಗ್ಗೆ ಊರಿನವರೂ ಹೆಚ್ಚುಕಡಿಮೆ ಅದನ್ನೇ ಹೇಳಿದರು: ಕೂಲಿ ಸಾಲುವುದಿಲ್ಲ, ಕೆಲಸಕ್ಕೆ ಬಂದವರೇ ಹೊತ್ತೊಯ್ದಿರಬೇಕು ಎಂದು. ಹಾಗಾದರೆ ಸಂಬಳವನ್ನೂ ಕೂಲಿಯನ್ನೂ ಹೆಚ್ಚಿಸಿದರೆ ಈ ಎರಡೂ ನಿಲ್ಲುತ್ತವೆಯೇ?

ಉತ್ತರ: ಒಂದೇ ವಾರದಲ್ಲಿ ಎರಡು ಪೆಟ್ಟು ತಿಂದವರಿಗೆ ಎರಡೂ ಒಂದೇ ಬೇರಿನಿಂದ ಬಂದಂತೆ ಕಾಣುವುದು ಸಹಜ. ಆದರೆ ನಿಮ್ಮ ನಾಲ್ಕು ಸಾವಿರ ಹೋದ ದಾರಿ ಬೇರೆ, ಎರಡು ಚೀಲ ಹೋದ ದಾರಿ ಬೇರೆ. ಕಡಿಮೆ ಸಂಬಳಕ್ಕೆ ಎರಡರಲ್ಲಿಯೂ ಪಾತ್ರವಿದೆ. ಆದರೆ ಅದು ಕಚೇರಿಯ ಮೇಜಿನ ಆಚೆ ಕುಳಿತವರು ಹೇಳಿದ ಪಾತ್ರವಲ್ಲ, ಊರಿನವರು ಊಹಿಸಿದ ಪಾತ್ರವೂ ಅಲ್ಲ.

ಮೊದಲು ಕಚೇರಿಯನ್ನು ನೋಡೋಣ. ನಿಮ್ಮಿಂದ ಹಣ ಪಡೆದವರು ಕಾಯಂ ನೌಕರರೋ ಹೊರಗುತ್ತಿಗೆಯವರೋ ಎಂಬುದನ್ನು ನೀವು ಬರೆದಿಲ್ಲ. ಇಡೀ ಪ್ರಶ್ನೆಯ ಉತ್ತರ ಬಹುಪಾಲು ಅದರ ಮೇಲೆಯೇ ನಿಂತಿದೆ. ರಾಜ್ಯದ ಕಾಯಂ ನೌಕರರಿಗೆ 2024ರ ಆಗಸ್ಟ್ 1ರಿಂದ ಏಳನೇ ವೇತನ ಆಯೋಗದ ಶಿಫಾರಸು ಜಾರಿಗೆ ಬಂದಿದ್ದು, ಕನಿಷ್ಠ ಮೂಲವೇತನ 17,000 ರೂಪಾಯಿಯಿಂದ 27,000 ರೂಪಾಯಿಗೆ ಏರಿದೆ. ಈ ಹತ್ತು ಸಾವಿರವಿಡೀ ಹೊಸ ಹಣವೆಂದು ತಿಳಿಯಬೇಡಿ. ಹಳೆಯ ಮೂಲವೇತನದ ಶೇ 31ರಷ್ಟು ಮೊದಲೇ ತುಟ್ಟಿಭತ್ಯೆಯಾಗಿ ಕೈಗೆ ಬರುತ್ತಿದ್ದುದನ್ನು ಮೂಲವೇತನದೊಳಗೆ ಸೇರಿಸಿದ್ದು, ನಿಜವಾದ ಹೆಚ್ಚಳ ಶೇ 27.5. ಅದರಲ್ಲಿಯೂ ಶೇ 17ನ್ನು 2023ರ ಏಪ್ರಿಲ್‌ನಿಂದಲೇ ಮಧ್ಯಂತರ ಪರಿಹಾರವಾಗಿ ಕೊಡಲಾಗುತ್ತಿತ್ತು. ಆದರೂ ಮುಖ್ಯವಾದ ಸಂಗತಿ ಹೆಚ್ಚಳದ ಪ್ರಮಾಣವಲ್ಲ, ತುಟ್ಟಿಭತ್ಯೆ ಎಂಬ ವ್ಯವಸ್ಥೆ. ಪ್ರತಿವರ್ಷ ಜನವರಿ ಮತ್ತು ಜುಲೈ ತಿಂಗಳುಗಳಿಂದ ಅನ್ವಯವಾಗುವಂತೆ, ಬೆಲೆ ಸೂಚ್ಯಂಕ ಏರಿದಷ್ಟಕ್ಕೆ ಸರಿಯಾಗಿ ಸಂಬಳವೂ ಏರುವಂತೆ ಮಾಡುವುದೇ ಅದರ ಕೆಲಸ. ಆದೇಶ ತಡವಾಗಿ ಬರಬಹುದು, ಬಾಕಿ ಉಳಿಯಬಹುದು. ಆದರೆ ಬೆಲೆಯೇರಿಕೆಯ ವಿರುದ್ಧ ಈ ನಾಡಿನಲ್ಲಿ ಕೊಡೆ ಹಿಡಿದು ನಿಂತವರು ಯಾರಾದರೂ ಇದ್ದರೆ ಅದು ಕಾಯಂ ನೌಕರರು ಮತ್ತು ಪಿಂಚಣಿದಾರರು. ಪಿಂಚಣಿದಾರನಾದ ನಾನೂ ಅದೇ ಕೊಡೆಯ ಕೆಳಗಿದ್ದೇನೆ, ಆದ್ದರಿಂದ ಇದನ್ನು ಸಂಕೋಚವಿಲ್ಲದೆ ಬರೆಯುತ್ತೇನೆ. 'ಈಗಿನ ಬೆಲೆಗೆ' ಎಂಬ ವಾದ ಕಾಯಂ ನೌಕರರ ಬಾಯಲ್ಲಿ ಅತ್ಯಂತ ದುರ್ಬಲ. ಅವರನ್ನು ಹಿಂಡುತ್ತಿರುವುದು ಅಕ್ಕಿ–ಬೇಳೆಯ ಬೆಲೆಯಲ್ಲ. ಮಗಳ ಇಂಜಿನಿಯರಿಂಗ್ ಸೀಟು, ನಗರದ ಬಡಾವಣೆಯಲ್ಲಿ ಕೊಂಡ ನಿವೇಶನದ ಕಂತು, ಜೊತೆಗೆ ಕೆಲಸಕ್ಕೆ ಸೇರಿದವನು ಈಗಾಗಲೇ ಕಟ್ಟಿಸಿರುವ ಮನೆ, ಇವು ಅವರ ಖರ್ಚನ್ನು ಏರಿಸುತ್ತವೆ. ಬೆಲೆ ಏರುವುದು ಒಂದು, ಖರ್ಚು ಏರುವುದು ಇನ್ನೊಂದು. ಎರಡನೆಯದಕ್ಕೆ ಯಾವ ವೇತನ ಆಯೋಗವೂ ಮಿತಿ ಹಾಕಲಾರದು.

ಹೊರಗುತ್ತಿಗೆಯವರ ಲೆಕ್ಕ ಬೇರೆಯೇ ಇದೆ. ಅದೇ ಕಚೇರಿಯಲ್ಲಿ, ಅದೇ ಮೇಜಿನ ಪಕ್ಕದಲ್ಲಿ ಕಂಪ್ಯೂಟರ್ ಮುಂದೆ ಕುಳಿತ ಹುಡುಗನೊಬ್ಬನ ಸಂಬಳ ಕಾಗದದ ಮೇಲೆ 16,000 ರೂಪಾಯಿ ಎಂದಿಟ್ಟುಕೊಳ್ಳೋಣ. ಭವಿಷ್ಯನಿಧಿಗೆ 15,000 ರೂಪಾಯಿಯ ಮಿತಿಯ ಮೇಲೆ ಶೇ 12ರಂತೆ 1,800, ಇಎಸ್‌ಐಗೆ ಶೇ 0.75ರಂತೆ 120 ಕಡಿತವಾದರೆ ಕೈಗೆ 14,080 ಬರಬೇಕು. ಶಿವಮೊಗ್ಗದಲ್ಲಿ ಎರಡು ಕೋಣೆಯ ಬಾಡಿಗೆ ಮನೆಗೆ ಆರು ಸಾವಿರ ಕೊಟ್ಟರೆ ಉಳಿಯುವುದು ಎಂಟು ಸಾವಿರ ಚಿಲ್ಲರೆ. ಅದರಲ್ಲಿಯೇ ದಿನಸಿ, ಗ್ಯಾಸು, ಮಗುವಿನ ಶಾಲೆ, ಊರಿನಲ್ಲಿರುವ ತಾಯಿಯ ಔಷಧಿ. 2025ರ ಜನವರಿಯಲ್ಲಿ ಬಸ್ ದರ ಶೇ 15 ಏರಿತು. ಏಪ್ರಿಲ್‌ನಲ್ಲಿ ಹಾಲು ಲೀಟರಿಗೆ ನಾಲ್ಕು ರೂಪಾಯಿ ಏರಿತು. ಅವನಿಗೆ ವರ್ಷಕ್ಕೆರಡು ಬಾರಿಯ ತುಟ್ಟಿಭತ್ಯೆ ಇಲ್ಲ. ಕನಿಷ್ಠ ವೇತನದ ಜೊತೆ ಏಪ್ರಿಲ್‌ನಲ್ಲಿ ಒಮ್ಮೆ ಪರಿಷ್ಕರಣೆಯಾಗುವ ವ್ಯತ್ಯಯ ತುಟ್ಟಿಭತ್ಯೆ ಮಾತ್ರ ಉಂಟು, ಅದೂ ಏಜೆನ್ಸಿಯವರು ಕೊಟ್ಟರೆ.

ಇಷ್ಟಾದರೂ ಅವನು ಹೇಗೋ ನಿಭಾಯಿಸುತ್ತಾನೆ. ಅವನನ್ನು ಕೆಡಿಸುವುದು ಸಂಬಳದ ಗಾತ್ರಕ್ಕಿಂತ ಅದು ಬರುವ ರೀತಿ. ತಿಂಗಳ ಸಂಬಳವನ್ನು ಮುಂದಿನ ತಿಂಗಳ ಮೊದಲ ಹತ್ತು ದಿನಗಳೊಳಗೆ ಕೊಡಬೇಕೆಂದು 1936ರ ವೇತನ ಪಾವತಿ ಕಾಯ್ದೆಯ ಕಾಲದಿಂದಲೂ ನಿಯಮವಿದೆ. ಆದರೆ ಇಲಾಖೆಯಿಂದ ಅನುದಾನ ಬಂದಿಲ್ಲವೆಂದು ಏಜೆನ್ಸಿ, ಏಜೆನ್ಸಿಯಿಂದ ಬಿಲ್ಲು ಬಂದಿಲ್ಲವೆಂದು ಇಲಾಖೆ ಪರಸ್ಪರ ಬೆರಳು ತೋರಿಸುತ್ತಿರುವಾಗ ಎರಡು ಮೂರು ತಿಂಗಳು ಕಳೆದುಹೋಗುವುದು ಹೊರಗುತ್ತಿಗೆಯವರೆಲ್ಲರಿಗೂ ಗೊತ್ತಿರುವ ಅನುಭವ. ಆ ಮೂರು ತಿಂಗಳಲ್ಲಿ ಕೈಗಡ, ಆಮೇಲೆ ಹೆಂಡತಿಯ ಸರ ಗಿರವಿ, ಆಮೇಲೆ ನೂರಕ್ಕೆ ಐದರ ಬಡ್ಡಿ. ಅಂಥ ತಿಂಗಳಲ್ಲಿ ನಿಮ್ಮಂಥವರು ಅರ್ಜಿ ಹಿಡಿದು ಬಂದಾಗ, ಮೇಲಿನವರು 'ಅವರನ್ನು ಸ್ವಲ್ಪ ನೋಡಿಕೋ' ಎಂದರೆ, ಅವನಿಗೆ ಆ ಮಾತಿನ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಅವನ ಕೈಗೆ ಬಂದ ನಾಲ್ಕು ಸಾವಿರದಲ್ಲಿ ಅವನಿಗೆ ಉಳಿಯುವುದು ಬಹುಶಃ ಐನೂರು. ಹಣ ಈಸಿಕೊಳ್ಳುವ ಕೈ ಅವನದು, ಸಿಕ್ಕಿಬಿದ್ದರೆ ಹೋಗುವ ಕೆಲಸವೂ ಅವನದೇ.

ನಮ್ಮ ಭಾಷೆ ಇದನ್ನು ಬಹಳ ಹಿಂದೆಯೇ ಗುರುತಿಸಿದೆ. ಊಟಗೀಟ, ಕಾಫಿಗೀಫಿ ಎನ್ನುವಾಗ ಬರುವ ಎರಡನೆಯ ಪದಗಳಿಗೆ ಸ್ವಂತ ಅರ್ಥವಿಲ್ಲ. ಸಂಬಳಗಿಂಬಳ ಎಂಬ ಜೋಡಿಯಲ್ಲಿ ಮಾತ್ರ 'ಗಿಂಬಳ' ಎಂಬುದು ತನ್ನ ಜೋಡಿಯನ್ನು ಬಿಟ್ಟು ಹೊರಬಂದು, ಸ್ವಂತ ಅರ್ಥ ಪಡೆದು, ನಿಘಂಟು ಸೇರಿತು. ಮದುವೆಯ ಮಾತುಕತೆಯಲ್ಲಿ ವರನ ಸಂಬಳ ಕೇಳಿದ ಮೇಲೆ 'ಮತ್ತೆ ಗಿಂಬಳ?' ಎಂದು ನಗುತ್ತಲೇ ಕೇಳುವ ಹಿರಿಯರನ್ನು ನಾನು ಕಂಡಿದ್ದೇನೆ. ಅವರಾರೂ ಕೆಟ್ಟವರಲ್ಲ, ಸಂಬಳವೆಂಬುದು ಪೂರ್ತಿ ಕೊಡದ ಕೂಲಿ, ಉಳಿದದ್ದನ್ನು ಜನರಿಂದ ಪಡೆದುಕೊಳ್ಳಬೇಕು ಎಂಬ ಹಳೆಯ ತಿಳಿವಳಿಕೆ ಆ ಪ್ರಶ್ನೆಯೊಳಗೆ ಕುಳಿತಿದೆ.

ಈ ತಿಳಿವಳಿಕೆ ಎಲ್ಲಿಂದ ಬಂತು ಎಂಬುದಕ್ಕೆ ದೂರ ಹೋಗಬೇಕಾಗಿಲ್ಲ. ಹಿಂದೆ ಶಾನುಭೋಗರಿಗೂ ಪಟೇಲರಿಗೂ ತಳವಾರರಿಗೂ ಇಂದಿನ ಅರ್ಥದ ಸಂಬಳವಿರಲಿಲ್ಲ. ಇನಾಂ ಭೂಮಿ ಇತ್ತು, ಕಣದಲ್ಲಿ ರಾಶಿ ಮಾಡುವಾಗ ಕೊಡುವ ಆಯ ಇತ್ತು. ಊರ ಕೆಲಸ ಮಾಡುವವರನ್ನು ಊರೇ ಸಾಕುವ ಕ್ರಮ ಅದು, ಆದ್ದರಿಂದ ಅದನ್ನು ಲಂಚ ಎನ್ನುವಂತಿಲ್ಲ. 1961ರ ಗ್ರಾಮಾಧಿಕಾರಗಳ ರದ್ದತಿ ಕಾಯ್ದೆ 1963ರಲ್ಲಿ ಜಾರಿಗೆ ಬಂದು ವಂಶಪಾರಂಪರ್ಯದ ಹುದ್ದೆಗಳು ಹೋದವು, ಸಂಬಳದ ಗ್ರಾಮಲೆಕ್ಕಿಗರು ಬಂದರು. ಇಂದು ಅವರನ್ನು ಗ್ರಾಮ ಆಡಳಿತ ಅಧಿಕಾರಿ ಎಂದು ಕರೆಯುತ್ತೇವೆ. ಹುದ್ದೆಯ ಹೆಸರು ಬದಲಾಯಿತು, ಆದರೆ ಕೆಲಸ ಮಾಡಿಸಿಕೊಂಡವರು ಕೈಯಲ್ಲಿ ಏನಾದರೂ ಇಡಬೇಕು ಎಂಬ ರೂಢಿ ಅಷ್ಟು ಸುಲಭಕ್ಕೆ ಹೋಗಲಿಲ್ಲ. ಹಿಂದೆ ಅದು ಎಷ್ಟೆಂದು ಊರಿಗೇ ಗೊತ್ತಿದ್ದ ಆಯವಾಗಿತ್ತು. ಈಗ ಎಷ್ಟೆಂದು ಕೇಳುವವರ ಬಾಯಿಗೆ ಬಿಟ್ಟ ಹಣವಾಗಿದೆ.

ಇನ್ನೊಂದು ಸಂಗತಿ ನಮ್ಮ ಜಿಲ್ಲೆಯ ಚರಿತ್ರೆಯದೇ, ಮತ್ತು ಇದನ್ನು ನಾನು ತರಗತಿಯಲ್ಲಿ ಪ್ರತಿವರ್ಷ ಹೇಳುತ್ತಿದ್ದೆ. 1830ರಲ್ಲಿ ಇಂದಿನ ಹೊಸನಗರದ ಸುತ್ತ, ಅಂದಿನ ನಗರ ಸೀಮೆಯಲ್ಲಿ, ರೈತರು ದಂಗೆ ಎದ್ದರು. ಅದು ಬೆಳೆದು, ಮರುವರ್ಷ ಬ್ರಿಟಿಷರು ಮೈಸೂರಿನ ಆಡಳಿತವನ್ನೇ ಅರಸರ ಕೈಯಿಂದ ತೆಗೆದುಕೊಳ್ಳುವುದಕ್ಕೆ ಕಾರಣವಾಯಿತು. ದಂಗೆಯ ಹಿಂದೆ ಹಲವು ಕಾರಣಗಳಿದ್ದರೂ ಶರತ್ತು ಪದ್ಧತಿ ಎಂಬ ಕಂದಾಯದ ಏರ್ಪಾಡು ಅವುಗಳಲ್ಲಿ ಮುಖ್ಯವಾದುದು. ತಾಲೂಕಿನಿಂದ ಇಂತಿಷ್ಟು ಹಣ ವಸೂಲು ಮಾಡಿ ಕೊಡುತ್ತೇನೆಂದು ಅಮಲ್ದಾರ ಶರತ್ತು ಬರೆದುಕೊಡಬೇಕು. ಕಡಿಮೆ ಬಿದ್ದರೆ ಅವನೇ ತುಂಬಬೇಕು, ಹೆಚ್ಚು ಬಂದರೆ ಸರ್ಕಾರಕ್ಕೆ. ಅಂಥ ಶರತ್ತಿಗೆ ಸಿಕ್ಕಿದ ಮನುಷ್ಯನಿಗೆ ಸಂಬಳ ಎಷ್ಟಿದ್ದರೇನು? ಅವನ ಕಣ್ಣು ಇರುವುದು ಮೇಲಕ್ಕೆ ಕಟ್ಟಬೇಕಾದ ಮೊತ್ತದ ಮೇಲೆ. ರೈತನ ಎಲುಬು ಮುರಿದಾದರೂ ಅದನ್ನು ಕಟ್ಟುತ್ತಾನೆ.

ಈಗ ಹುದ್ದೆಗೆ ಹಣ ಕೊಟ್ಟು ಬಂದವರನ್ನು ಅದೇ ಬೆಳಕಿನಲ್ಲಿ ನೋಡಿ. ಕರ್ನಾಟಕದಲ್ಲಿ 545 ಪೊಲೀಸ್ ಸಬ್ ಇನ್‌ಸ್ಪೆಕ್ಟರ್ (ಪಿಎಸ್‌ಐ) ಹುದ್ದೆಗಳಿಗೆ 2021ರ ಅಕ್ಟೋಬರ್‌ನಲ್ಲಿ ನಡೆದ ಪರೀಕ್ಷೆ ಅಕ್ರಮದ ಕಾರಣ ರದ್ದಾಗಿ, ಹಿರಿಯ ಪೊಲೀಸ್ ಅಧಿಕಾರಿಯವರೆಗೆ ಬಂಧನಗಳಾದವು; ಒಂದು ಹುದ್ದೆಗೆ ಹಲವು ಲಕ್ಷ ಕೈಬದಲಾಯಿತೆಂಬುದು ಆರೋಪ. ಯಾವುದೇ ಹುದ್ದೆಗೆ ಒಬ್ಬನು ಜಮೀನು ಅಡವಿಟ್ಟು 30 ಲಕ್ಷ ಸಾಲ ಮಾಡಿ ಕೊಟ್ಟನೆಂದು ಊಹಿಸಿ ಲೆಕ್ಕ ಹಾಕಿ. ನೂರಕ್ಕೆ ಎರಡರಂತೆ ತಿಂಗಳ ಬಡ್ಡಿಯೇ 60,000 ರೂಪಾಯಿ. ಆ ಹೊತ್ತಿಗೆ ಪಿಎಸ್‌ಐ ಹುದ್ದೆಯ ಆರಂಭದ ಮೂಲವೇತನ 37,900 ಇತ್ತು. ಇಂಥವರ ಸಂಬಳವನ್ನು ಒಂದೂವರೆ ಪಟ್ಟು ಮಾಡಿದರೂ ಬಡ್ಡಿ ತೀರುವುದಿಲ್ಲ, ಅಸಲು ದೂರದ ಮಾತು. ಇನ್ನೂ ವಿಚಿತ್ರವೆಂದರೆ, ಸಂಬಳ ಹೆಚ್ಚಿದಷ್ಟೂ ಆ ಹುದ್ದೆಯ ಮಾರುಕಟ್ಟೆ ಬೆಲೆಯೂ ಹೆಚ್ಚುತ್ತದೆ. ಆಯಕಟ್ಟಿನ ಜಾಗಕ್ಕೆ ವರ್ಗಾವಣೆ ಪಡೆಯಲು ಕೊಡುವ ಹಣದ ಲೆಕ್ಕವೂ ಇದೇ.

ಸಂಬಳ ಹೆಚ್ಚಿಸಿದರೆ ಲಂಚ ನಿಲ್ಲುತ್ತದೆ ಎಂಬ ವಾದಕ್ಕೆ ವಿದ್ವತ್ತಿನ ಬೆಂಬಲ ಇಲ್ಲವೆಂದಲ್ಲ. ಗ್ಯಾರಿ ಬೆಕರ್ ಮತ್ತು ಜಾರ್ಜ್ ಸ್ಟಿಗ್ಲರ್ ಎಂಬ ಅಮೆರಿಕದ ಇಬ್ಬರು ಅರ್ಥಶಾಸ್ತ್ರಜ್ಞರು 1974ರಲ್ಲಿಯೇ ಇದನ್ನು ಕ್ರಮಬದ್ಧವಾಗಿ ವಿವರಿಸಿದ್ದಾರೆ. ಆದರೆ ಅವರ ವಾದವನ್ನು ಅರ್ಧ ಮಾತ್ರ ಉಲ್ಲೇಖಿಸುವುದು ರೂಢಿಯಾಗಿದೆ. ಹೆಚ್ಚಿನ ಸಂಬಳ ಮನುಷ್ಯನನ್ನು ಒಳ್ಳೆಯವನನ್ನಾಗಿ ಮಾಡುತ್ತದೆಂದು ಅವರು ಹೇಳಲಿಲ್ಲ. ಸಿಕ್ಕಿಬಿದ್ದರೆ ಕಳೆದುಕೊಳ್ಳುವುದು ದೊಡ್ಡದಾಗಿರಬೇಕು, ಸಿಕ್ಕಿಬೀಳುವ ಸಂಭವವೂ ಇರಬೇಕು ಎಂದರು. ಹಳೆಯ ಪಿಂಚಣಿಯ ಬಲವೂ ಇದೇ ಆಗಿತ್ತು: ವಜಾ ಆದರೆ ಮುಪ್ಪಿನ ಅನ್ನವೇ ಹೋಗುತ್ತಿತ್ತು. ಇದಕ್ಕೆ ತದ್ವಿರುದ್ಧವಾಗಿ, ವರ್ಷಕ್ಕೊಮ್ಮೆ ಟೆಂಡರ್ ಬದಲಾದರೆ ಕೆಲಸ ಉಳಿಯುವುದೋ ಇಲ್ಲವೋ ತಿಳಿಯದ ಹೊರಗುತ್ತಿಗೆಯವನಿಗೆ ಕಳೆದುಕೊಳ್ಳಲು ಏನಿದೆ? ಅವನ ಕೈಯಲ್ಲಿ ಜನರ ಕಡತ ಕೊಟ್ಟು, ಅವನ ಭವಿಷ್ಯವನ್ನು ಮಾತ್ರ ಏಜೆನ್ಸಿಗೆ ಬಿಟ್ಟಿದ್ದೇವೆ.

ಆಫ್ರಿಕಾದ ಘಾನಾ ದೇಶದಲ್ಲಿ 2010ರಲ್ಲಿ ಪೊಲೀಸರ ಸಂಬಳವನ್ನು ಸುಮಾರು ದುಪ್ಪಟ್ಟು ಮಾಡಿದರು. ಹೆದ್ದಾರಿಯ ಲಾರಿಗಳಿಂದ ಪಡೆಯುವ ಹಣ ಕಡಿಮೆಯಾಗಬಹುದೆಂಬ ನಿರೀಕ್ಷೆ ಇತ್ತು. ಸಾವಿರಾರು ಲಾರಿ ಪ್ರಯಾಣಗಳ ದಾಖಲೆಯನ್ನು ಪರಿಶೀಲಿಸಿದ ಸಂಶೋಧಕರಿಗೆ ಕಂಡದ್ದು, ಪೊಲೀಸರು ಲಾರಿಗಳಿಂದ ಪಡೆಯುತ್ತಿದ್ದ ಮೊತ್ತ ಹೆಚ್ಚಿತ್ತು ಎಂಬುದು. ಇದು ನಮಗೆ ಅಚ್ಚರಿ ತರಬೇಕಾಗಿಲ್ಲ. ಮನೆಯಲ್ಲೊಬ್ಬ ಸರ್ಕಾರಿ ನೌಕರನಿದ್ದರೆ ಅವನ ಸಂಬಳ ಏರಿದ ಸುದ್ದಿ ನೆಂಟರಿಷ್ಟರಿಗೆ ಅವನಿಗಿಂತ ಮೊದಲೇ ತಲುಪುವುದನ್ನೂ, ಅದರ ಜೊತೆಗೆ ಅವರ ನಿರೀಕ್ಷೆ ಏರುವುದನ್ನೂ ನಾವು ಕಂಡಿದ್ದೇವೆ. ಇನ್ನೊಂದು ಕಡೆ, ಅರ್ಜೆಂಟೀನಾದ ಬ್ಯೂನಸ್ ಐರಿಸ್‌ನಲ್ಲಿ 1996ರಲ್ಲಿ ಸರ್ಕಾರಿ ಆಸ್ಪತ್ರೆಗಳು ಸಾಮಾನ್ಯ ಸಾಮಗ್ರಿಗೆ ಎಷ್ಟೆಷ್ಟು ಬೆಲೆ ಕೊಡುತ್ತಿವೆ ಎಂಬುದನ್ನು ಒಂದರ ಪಕ್ಕ ಒಂದಿಟ್ಟು ಹೋಲಿಸತೊಡಗಿದರು. ಮೊದಲ ತಿಂಗಳುಗಳಲ್ಲಿಯೇ ಖರೀದಿ ಬೆಲೆ ಶೇ 15ರಷ್ಟು ಇಳಿಯಿತು, ನಿಗಾ ಸಡಿಲವಾದಾಗ ಮತ್ತೆ ಸ್ವಲ್ಪ ಏರಿತು. ಖರೀದಿ ಅಧಿಕಾರಿಗಳ ಸಂಬಳಕ್ಕೂ ಪ್ರಾಮಾಣಿಕತೆಗೂ ಸಂಬಂಧ ಕಂಡದ್ದು ನಿಗಾ ಇದ್ದ ಅವಧಿಯಲ್ಲಿ ಮಾತ್ರ. ಕೇಳುವವರೇ ಇಲ್ಲದಾಗ ಹೆಚ್ಚು ಸಂಬಳದವನೂ ಕಡಿಮೆ ಸಂಬಳದವನೂ ಒಂದೇ ರೀತಿ ನಡೆದುಕೊಂಡರು.

ಇನ್ನು ನಿಮ್ಮ ಎರಡು ಚೀಲ ಅಡಿಕೆ. ಇಲ್ಲಿ ಹಣದ ಒತ್ತಡದ ಪಾತ್ರ ಕಚೇರಿಗಿಂತ ನೇರವಾದುದು, ಆದರೆ ಅದೂ 'ಕೂಲಿ ಕಡಿಮೆ, ಆದ್ದರಿಂದ ಕಳವು' ಎಂಬಷ್ಟು ಸರಳವಲ್ಲ. ಕಡಿಮೆ ಕೂಲಿಯೇ ಕಳ್ಳನನ್ನು ಮಾಡುವುದಾಗಿದ್ದರೆ ಮಲೆನಾಡಿನಲ್ಲಿ ಒಂದು ಗಂಧದ ಮರವೂ ನಿಂತಿರುತ್ತಿರಲಿಲ್ಲ. ಕಿಲೋಗೆ ಸಾವಿರಾರು ರೂಪಾಯಿ ಬಾಳುವ ಗಂಧ, ಲಕ್ಷದ ಲೆಕ್ಕದ ಬೀಟೆ ಇರುವ ಕಾಡನ್ನು ರಾತ್ರಿ ಕಾಯುವವರು ದಿನಗೂಲಿಯ ವಾಚರ್‌ಗಳು. ಹೆಗಲ ಮೇಲೊಂದು ಕಂಬಳಿಕೊಪ್ಪೆ, ಕೈಯಲ್ಲೊಂದು ಕತ್ತಿ, ಜೇಬಿನಲ್ಲಿ ಸಿಗ್ನಲ್ ಇಲ್ಲದ ಫೋನು. ಮರ ಕಡಿಯುವವರಿಗೆ ದಾರಿ ತೋರಿಸಿದವರು ಅವರಲ್ಲಿ ಇಲ್ಲವೆಂದಲ್ಲ, ಆದರೆ ಹೆಚ್ಚಿನವರು ಹಾಗೆ ಮಾಡುವುದಿಲ್ಲ. ಬಡತನ ಮತ್ತು ಅಪರಾಧದ ಬಗ್ಗೆ ಮಾತನಾಡುವ ಯಾರೇ ಆದರೂ ಮೊದಲು ವಿವರಿಸಬೇಕಾದುದು ಇದನ್ನು.

ಅಧ್ಯಯನಗಳು ಒಟ್ಟಿನಲ್ಲಿ ತೋರಿಸುವುದೇನೆಂದರೆ, ಸ್ಥಿರವಾದ ಬಡತನಕ್ಕಿಂತ ಹಠಾತ್ ಕುಸಿತ ಕಳವಿಗೆ ಹೆಚ್ಚು ಹತ್ತಿರ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಫ್ರಾನ್ಸಿನ ದ್ರಾಕ್ಷಿತೋಟಗಳಿಗೆ ಬೇರು ಹೀರುವ ಕೀಟವೊಂದು ಬಿದ್ದು ಒಂದಾದ ಮೇಲೊಂದು ಪ್ರಾಂತ್ಯ ನೆಲಕಚ್ಚಿತು. ಕೀಟ ಹರಡಿದಲ್ಲೆಲ್ಲ ಆಸ್ತಿಯ ವಿರುದ್ಧದ ಅಪರಾಧಗಳು ಹೆಚ್ಚಿದವು, ಹೊಡೆದಾಟ ಬಡಿದಾಟ ಮಾತ್ರ ಕಡಿಮೆಯಾಯಿತು; ಕುಡಿಯಲು ವೈನ್ ಕಡಿಮೆಯಾದದ್ದು ಅದಕ್ಕೆ ಒಂದು ಕಾರಣವಂತೆ. ಭಾರತದ ಜಿಲ್ಲೆಗಳ ಅಂಕಿಅಂಶಗಳಲ್ಲಿಯೂ ಮಳೆ ಕೈಕೊಟ್ಟ ವರ್ಷಗಳಲ್ಲಿ ಅಪರಾಧ ಏರುವುದು ಕಂಡುಬಂದಿದೆ. ನಮ್ಮಲ್ಲಿ ಇಂಥ ಕುಸಿತಕ್ಕೆ ಹಲವು ಮುಖಗಳಿವೆ. ಕೊಳೆ ರೋಗಕ್ಕೆ ತೋಟದ ಅರ್ಧ ಉದುರಿದ ವರ್ಷ ಮಾಲೀಕನಿಗೆ ನಷ್ಟ, ಅಡಿಕೆಗೊನೆ ತೆಗೆಯುವವರಿಗೂ ಸುಲಿಯುವವರಿಗೂ ಕೆಲಸದ ದಿನಗಳೇ ನಷ್ಟ. ಶುಂಠಿಗೆ ಸಾಲ ಮಾಡಿ ಹೊಲ ಗೇಣಿಗೆ ಹಿಡಿದವನಿಗೆ ದರ ಬಿದ್ದರೆ ಒಂದೇ ತಿಂಗಳಲ್ಲಿ ಎಲ್ಲವೂ ಹೋಯಿತು. ಭದ್ರಾವತಿಯಲ್ಲಿ ಕಾಗದ ಕಾರ್ಖಾನೆ 2015ರಲ್ಲಿ ನಿಂತಿತು, 2023ರಲ್ಲಿ ಉಕ್ಕಿನ ಕಾರ್ಖಾನೆಯನ್ನೂ ಮುಚ್ಚುವ ಮಾತು ಬಂದು ಗುತ್ತಿಗೆ ಕಾರ್ಮಿಕರು ತಿಂಗಳುಗಟ್ಟಲೆ ಧರಣಿ ಕುಳಿತರು. ಆ ಊರಿನ ಹೆಸರಿಗೆ ಅಪರಾಧವನ್ನು ಅಂಟಿಸುವವರ ಮಾತನ್ನು ನಾನು ಒಪ್ಪುವುದಿಲ್ಲ. ಅಲ್ಲಿನ ನನ್ನ ಹಳೆಯ ವಿದ್ಯಾರ್ಥಿಗಳ ಮನೆಗಳಲ್ಲಿ ನಾನು ಕಂಡದ್ದು ಸಾಲ, ಮತ್ತು ಸಾಲ ತೀರಿಸಲು ಮಾಡಿದ ಇನ್ನೊಂದು ಸಾಲ.

ಸಾಲದ ಈ ಸರಪಳಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಬೆಲೆಯೇರಿಕೆಯ ಪರಿಣಾಮ ಅರ್ಥವಾಗುವುದಿಲ್ಲ. ಬೆಲೆ ಏರಿದಾಗ ಕೂಲಿಕಾರ ಕುಟುಂಬ ಮರುದಿನವೇ ಕಳವಿಗೆ ಇಳಿಯುವುದಿಲ್ಲ. ಮೊದಲು ಹಾಲು ಬಿಡುತ್ತದೆ, ಬೇಳೆ ತೆಳುವಾಗುತ್ತದೆ, ಆಮೇಲೆ ಸಂಘದ ಸಾಲ, ಆಮೇಲೆ ವಾರದ ಕಂತಿನ ಮೈಕ್ರೋಫೈನಾನ್ಸ್. ವಸೂಲಿಯ ಕಿರುಕುಳ ಮಿತಿಮೀರಿದ್ದರಿಂದ ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆಯನ್ನೇ ತಂದು, ಬಲವಂತದ ವಸೂಲಿಗೆ ಹತ್ತು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ ಎಂದಿತು. ಆದರೆ ವಾರದ ಕಂತು ಕಟ್ಟಲೇಬೇಕಾದ ದಿನ ಬಂದಾಗ ಗಂಡಸರು ಹಿಡಿಯುವ ಅಡ್ಡದಾರಿ ಬಹುಮಟ್ಟಿಗೆ ಓಸಿ ಎಂಬ ನಂಬರ್ ಜೂಜು. ಹತ್ತು ರೂಪಾಯಿ ಕಟ್ಟಿದರೆ ನಂಬರ್ ಹತ್ತಿ ನೂರಾರು ಬರಬಹುದೆಂಬ ಆಸೆ. ಕಳವಿಗೂ ಜೂಜಿಗೂ ನಡುವಿನ ಗೋಡೆ ತೆಳ್ಳಗಿದೆ. ಸರ್ಕಾರದ ಗ್ಯಾರಂಟಿಗಳ ಬಗ್ಗೆ ರಾಜಕೀಯವಾಗಿ ಯಾರು ಏನೇ ಹೇಳಲಿ, ತಿಂಗಳಿಗೆ ಎರಡು ಸಾವಿರದ ಗೃಹಲಕ್ಷ್ಮಿಯೂ ಪಡಿತರದ ಅಕ್ಕಿಯೂ ಇಂಥ ಮನೆಗಳಲ್ಲಿ ಈ ಸರಪಳಿಯ ಮೊದಲ ಕೊಂಡಿಯನ್ನು ತಡೆಯುತ್ತವೆ ಎಂಬುದು ನನ್ನ ಅಭಿಪ್ರಾಯ. ಅವುಗಳ ಕಂತು ತಡವಾದಾಗ ಆಗುವ ಹಾನಿ, ಹೊರಗುತ್ತಿಗೆಯವರ ಸಂಬಳ ತಡವಾದಾಗ ಆಗುವ ಹಾನಿಯಂಥದೇ.

ಇನ್ನು ಆಮಿಷದ ಲೆಕ್ಕ. ರಾಶಿ ಇಡಿ ಎಂಬ ಬಗೆಯ ಅಡಿಕೆ ಕ್ವಿಂಟಲ್‌ಗೆ 50,000 ರೂಪಾಯಿ ಎಂದಿಟ್ಟುಕೊಂಡರೆ 65 ಕಿಲೋದ ಒಂದು ಚೀಲ 32,500 ರೂಪಾಯಿ. ಗಂಡಾಳಿನ ಕೂಲಿ ದಿನಕ್ಕೆ 600 ಎಂದರೆ ಅದು 54 ದಿನಗಳ ದುಡಿಮೆ. 2025–26ರ ಉದ್ಯೋಗ ಖಾತರಿ ದರವಾದ 370 ರೂಪಾಯಿಯಲ್ಲಿ 87 ದಿನಗಳಿಗೂ ಮಿಕ್ಕು. ಭತ್ತದ ಚೀಲ ಕದ್ದು ಶ್ರೀಮಂತನಾದವನಿಲ್ಲ, ಆದರೆ ಅಡಿಕೆಯ ಚೀಲ ಒಬ್ಬನೇ ಹೊರಬಹುದಾದ ಚಿನ್ನ. ಅಡಿಕೆಯ ದರ ಏರಿದಷ್ಟೂ ಅಂಗಳದಲ್ಲಿ ಬಿದ್ದಿರುವ ಸಂಪತ್ತಿಗೂ ಅದನ್ನು ಸುಲಿದವರ ಕೂಲಿಗೂ ನಡುವಿನ ಅಂತರ ಹೆಚ್ಚುತ್ತದೆ. ಕಳವನ್ನು ವಿವರಿಸುವಾಗ ನಾನು ಕೂಲಿಯ ಮೊತ್ತಕ್ಕಿಂತ ಈ ಅಂತರಕ್ಕೆ ಹೆಚ್ಚು ಬೆಲೆ ಕೊಡುತ್ತೇನೆ.

ಅಷ್ಟಾದ ಮೇಲೂ, ಕದ್ದ ಚೀಲವನ್ನು ಯಾರೂ ತಿನ್ನಲಾರರು, ಮಾರಬೇಕು. ಸಹಕಾರಿ ಸಂಘಕ್ಕೆ ಒಯ್ದರೆ ಸದಸ್ಯತ್ವದ ಲೆಕ್ಕ ಬರುತ್ತದೆ. ಆದ್ದರಿಂದ ಯಾವ ತೋಟದ್ದು, ಯಾರ ಮಾಲು ಎಂದು ಕೇಳದೆ, ಪೇಟೆ ದರಕ್ಕಿಂತ ಕಡಿಮೆಗೆ ನಗದು ಕೊಟ್ಟು ಕೊಳ್ಳುವವನೊಬ್ಬ ಎಲ್ಲಿಯೋ ಇರಲೇಬೇಕು. ಅವನು ಕಡಿಮೆ ಕೂಲಿಯವನಲ್ಲ. ಭಾರತೀಯ ನ್ಯಾಯ ಸಂಹಿತೆಯಲ್ಲಿ ಕಳವಿಗೆ 303ನೇ ಸೆಕ್ಷನ್ ಇರುವಂತೆ ಕಳವಿನ ಮಾಲು ಕೊಳ್ಳುವವರಿಗೆ 317ನೇ ಸೆಕ್ಷನ್ ಇದೆ, ಎರಡಕ್ಕೂ ಮೂರು ವರ್ಷದವರೆಗೆ ಶಿಕ್ಷೆ. ಊರಿನವರ ಸಂಶಯ ಯಾವಾಗಲೂ ಮೊದಲನೆಯವನ ಕಡೆಗೇ ತಿರುಗುತ್ತದೆ, ಅದರಲ್ಲಿಯೂ ಬಯಲುಸೀಮೆಯಿಂದಲೋ ಅಸ್ಸಾಮಿನಿಂದಲೋ ದುಡಿಯಲು ಬಂದು ಶೆಡ್ಡಿನಲ್ಲಿ ಮಲಗುವವರ ಕಡೆಗೆ. ಇಲ್ಲಿ ನಿಮ್ಮನ್ನು ಒಂದು ಮಾತು ಕೇಳಬೇಕು. ಹೊಸದಾಗಿ ಬಂದ ಕೂಲಿಯವನಿಗೆ ನಿಮ್ಮ ಚೀಲ ಯಾವ ಕೋಣೆಯಲ್ಲಿದೆ, ನಾಯಿ ಯಾವ ಹೊತ್ತಿಗೆ ಬೊಗಳುವುದಿಲ್ಲ ಎಂಬುದು ಗೊತ್ತಿರಬಹುದು. ಆದರೆ ರಾತ್ರೋರಾತ್ರಿ 130 ಕಿಲೋ ಸಾಗಿಸುವ ಗಾಡಿಯನ್ನೂ ಮರುದಿನ ಅದನ್ನು ಕೊಳ್ಳುವ ಅಂಗಡಿಯನ್ನೂ ಅವನು ಎಲ್ಲಿಂದ ತಂದಾನು?

ಅಪರಾಧದ ಒಳಗೂ ಒಡೆಯರು ಮತ್ತು ಕೂಲಿಯವರು ಇರುತ್ತಾರೆ ಎಂಬುದನ್ನು ನಾವು ಮರೆಯುತ್ತೇವೆ. ತುಂಗೆಯ ದಡದಿಂದ ರಾತ್ರಿ ಹೊರಡುವ ಪರವಾನಗಿ ಇಲ್ಲದ ಮರಳಿನ ಟಿಪ್ಪರಿನಲ್ಲಿ ಸಿಕ್ಕಿಬೀಳುವವನು ಟ್ರಿಪ್ಪಿನ ಲೆಕ್ಕದಲ್ಲಿ ದುಡಿಯುವ ಚಾಲಕ. ಗಣಿ ಕಾಯ್ದೆಯಡಿ ಐದು ವರ್ಷದವರೆಗೆ ಶಿಕ್ಷೆಯಾಗಬಹುದಾದ ಅಪಾಯವನ್ನು ಅವನು ಒಂದು ರಾತ್ರಿಯ ಭತ್ಯೆಗೆ ಹೊರುತ್ತಾನೆ. ಈಚೆಗೆ ಇನ್ನೊಂದು ಬಗೆ ಸೇರಿದೆ. ಡಿಗ್ರಿ ಮುಗಿಸಿ ಹತ್ತು ಸಾವಿರದ ಕೆಲಸದಲ್ಲಿರುವ ಹುಡುಗರಿಗೆ, 'ನಿನ್ನ ಬ್ಯಾಂಕ್ ಖಾತೆಯನ್ನು ಸ್ವಲ್ಪ ದಿನ ಕೊಡು, ಕಮಿಷನ್ ಕೊಡುತ್ತೇವೆ' ಎಂಬ ಆಹ್ವಾನ ಫೋನಿನಲ್ಲಿ ಬರುತ್ತದೆ. ಪಾಸ್‌ಬುಕ್ಕು, ಎಟಿಎಂ ಕಾರ್ಡು, ಸಿಮ್ಮು ಕೊಟ್ಟವನಿಗೆ ಅದು ಅಪರಾಧವೆಂದೇ ತೋರುವುದಿಲ್ಲ. ಯಾರೋ ಅಪರಿಚಿತ ವೃದ್ಧೆಯಿಂದ ದೋಚಿದ ಹಣ ಆ ಖಾತೆಯ ಮೂಲಕ ಹಾದುಹೋಗಿ, ಬೇರೆ ರಾಜ್ಯದ ಪೊಲೀಸರು ಮನೆಬಾಗಿಲಿಗೆ ಬಂದಾಗಷ್ಟೇ ತಾನು ಏನನ್ನು ಬಾಡಿಗೆಗೆ ಕೊಟ್ಟೆನೆಂದು ತಿಳಿಯುತ್ತದೆ. ಕಡಿಮೆ ಸಂಬಳ ಇವರನ್ನು ಕಳ್ಳರನ್ನಾಗಿ ಮಾಡುವುದಕ್ಕಿಂತ ಹೆಚ್ಚಾಗಿ, ಕಳ್ಳರಿಗೆ ಅಗ್ಗದ ಆಳುಗಳನ್ನು ಒದಗಿಸುತ್ತದೆ.

ಹಾಗಾದರೆ ಎಲ್ಲಿ ಕೈಹಾಕಬೇಕು? ಎಲ್ಲರ ಸಂಬಳವನ್ನು ಒಂದೇ ಸಮನೆ ಏರಿಸುವುದಕ್ಕಿಂತ, ತೀರಾ ಕೆಳಗಿನವರ ಸಂಬಳ ತಪ್ಪದೆ ತಿಂಗಳ ಮೊದಲ ವಾರದಲ್ಲಿ ಅವರ ಖಾತೆಗೇ ಬೀಳುವಂತೆ ಮಾಡುವುದರಿಂದ, ಮತ್ತು ಜನರ ದಾಖಲೆ ಮುಟ್ಟುವ ಕೆಲಸಗಳನ್ನು ಹೊರಗುತ್ತಿಗೆಯಿಂದ ತೆಗೆಯುವುದರಿಂದ ಹೆಚ್ಚು ಫಲ ಸಿಗುತ್ತದೆಂಬುದು ನನ್ನ ತೀರ್ಮಾನ. ಅದರ ಜೊತೆಗೆ ಅಧಿಕಾರಿಯ ಇಷ್ಟಾನಿಷ್ಟಕ್ಕೆ ಬಿಟ್ಟ ಜಾಗಗಳನ್ನು ಕಡಿಮೆ ಮಾಡಬೇಕು. ಇದಕ್ಕೂ ನಮ್ಮ ನೆಲದಲ್ಲಿಯೇ ಮಾದರಿ ಇದೆ. ಹದಿನೇಳನೆಯ ಶತಮಾನದಲ್ಲಿ ಕೆಳದಿಯ ಶಿವಪ್ಪನಾಯಕನು ಪ್ರತಿ ಗ್ರಾಮದಲ್ಲಿಯೂ ಒಂದೊಂದು ಬಗೆಯ ಹೊಲವನ್ನು ತಾನೇ ಹನ್ನೆರಡು ವರ್ಷ ಸಾಗುವಳಿ ಮಾಡಿಸಿ, ಬಿತ್ತನೆ, ಖರ್ಚು, ಇಳುವರಿಯನ್ನು ಬರೆಸಿ, ಸರಾಸರಿಯ ಮೇಲೆ ಕಂದಾಯ ಗೊತ್ತುಪಡಿಸಿದನೆಂದು ಹೇಳುತ್ತಾರೆ. ಶಿವಪ್ಪನಾಯಕನ ಶಿಸ್ತು ಎಂದು ನಾವು ಇಂದಿಗೂ ಹೇಳುವುದು ಅದನ್ನೇ. ಕೊಡಬೇಕಾದುದು ಎಷ್ಟೆಂದು ರೈತನಿಗೆ ಮೊದಲೇ ಗೊತ್ತಿದ್ದರೆ ನಡುವಿನವನ ಚೌಕಾಸಿಗೆ ಜಾಗವಿಲ್ಲ. ಭೂಮಿ ಯೋಜನೆಯಲ್ಲಿ ಪಹಣಿಗಳು ಕಂಪ್ಯೂಟರಿಗೆ ಹೋದಾಗಲೂ ಆದದ್ದು ಇದೇ: 15 ರೂಪಾಯಿ ಕೊಟ್ಟರೆ ಕಿಂಡಿಯಲ್ಲಿ ಪಹಣಿ ಸಿಗುವಂತಾಗಿ, ಅದಕ್ಕಾಗಿ ಯಾರ ಮನೆಯ ಮುಂದೆಯೂ ನಿಲ್ಲಬೇಕಾಗಲಿಲ್ಲ. ಯಾರ ಸಂಬಳವೂ ಅದಕ್ಕಾಗಿ ಏರಿರಲಿಲ್ಲ. ಆದರೆ ಪೋಡಿ, 11ಇ ನಕ್ಷೆ, ಹದ್ದುಬಸ್ತು ಮುಂತಾದ ಅಳತೆಯ ಕೆಲಸಗಳು ಇಂದಿಗೂ ಮನುಷ್ಯರು ಸ್ಥಳಕ್ಕೆ ಬಂದು ಮಾಡಬೇಕಾದವು, ಕಾಯುವವರ ಸಾಲು ಉದ್ದ. ಸಾಲಿನಲ್ಲಿ ಮುಂದಕ್ಕೆ ಹೋಗಲು ಕೊಡುವ ಹಣ ಅಲ್ಲಿಗೆ ಸ್ಥಳಾಂತರವಾಗಿದೆ. 

ಕೊನೆಯದಾಗಿ, ನೀವು ಕೇಳದೆ ಇದ್ದರೂ ಹೇಳಬೇಕಾದ ಒಂದು ವಿಷಯ. 1988ರ ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ತಂದ ತಿದ್ದುಪಡಿಯ ಪ್ರಕಾರ ಲಂಚ ಕೊಡುವುದೂ ಅಪರಾಧ. ಬಲವಂತಕ್ಕೆ ಸಿಕ್ಕಿ ಕೊಟ್ಟವರಿಗೆ ವಿನಾಯಿತಿ ಇದೆ, ಆದರೆ ಕೊಟ್ಟ ಏಳು ದಿನದೊಳಗೆ ತನಿಖಾ ಸಂಸ್ಥೆಗೆ ತಿಳಿಸಿರಬೇಕು. ನೀವು ಕೊಟ್ಟು ಒಂದು ತಿಂಗಳಾಗಿದೆ, ಹಾಗಾಗಿ ಆ ನಾಲ್ಕು ಸಾವಿರದ ಬಗ್ಗೆ ಹೆಜ್ಜೆ ಇಡುವ ಮೊದಲು ವಕೀಲರೊಬ್ಬರನ್ನು ಕಾಣಿ. ಖಾತೆ ಇನ್ನೂ ಆಗಿಲ್ಲದೆ ಮತ್ತೆ ಹಣ ಕೇಳಿದರೆ ಮಾತ್ರ ದಾರಿ ಸುಗಮವಾಗಿದೆ: ಕೊಡುವ ಮೊದಲೇ ಶಿವಮೊಗ್ಗದ ಲೋಕಾಯುಕ್ತ ಪೊಲೀಸರಿಗೆ ದೂರು ಕೊಟ್ಟು ಅವರ ಸೂಚನೆಯಂತೆ ನಡೆದುಕೊಂಡವರ ಮೇಲೆ ಕಾಯ್ದೆಯಲ್ಲಿ ಯಾವ ಅಪರಾಧವೂ ಬರುವುದಿಲ್ಲ. ಭ್ರಷ್ಟಾಚಾರ ನಿಗ್ರಹ ದಳವನ್ನು 2022ರ ಆಗಸ್ಟ್‌ನಲ್ಲಿ ಹೈಕೋರ್ಟ್ ರದ್ದು ಮಾಡಿದ ಮೇಲೆ ಈ ಅಧಿಕಾರ ಮರಳಿ ಲೋಕಾಯುಕ್ತಕ್ಕೇ ಬಂದಿದೆ. ನಿಗದಿತ ಅವಧಿಯೊಳಗೆ ಸೇವೆ ಕೊಡಬೇಕೆಂಬ 'ಸಕಾಲ' ಕಾಯ್ದೆಯಡಿ ಅರ್ಜಿಗೆ ಕೊಡುವ ಸ್ವೀಕೃತಿ ಪತ್ರ ನಿಮ್ಮ ಬಳಿ ಇದ್ದರೆ ಅದರ 15 ಅಂಕಿಯ ಸಂಖ್ಯೆಯನ್ನು ಜೋಪಾನವಾಗಿಡಿ. ಅವಧಿ ಮೀರಿದ ಪ್ರತಿ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರ ಕೇಳಬಹುದು. ಮೊತ್ತ ಸಣ್ಣದಾದರೂ ಅದು ತಡ ಮಾಡಿದವರ ಸಂಬಳದಿಂದಲೇ ಕಡಿತವಾಗಬೇಕಾದ ಹಣ. ಸ್ವೀಕೃತಿಯನ್ನೇ ಕೊಡದೆ ಅರ್ಜಿ ಇಟ್ಟುಕೊಂಡಿದ್ದರೆ, ನಾಳೆಯೇ ನಾಡಕಚೇರಿಗೆ ಹೋಗಿ ಹೊಸದಾಗಿ ಅರ್ಜಿ ಕೊಟ್ಟು ಅದನ್ನು ಪಡೆದುಕೊಳ್ಳಿ.